ಎಲ್ಲಾರಿಗೂ ಆಗಲಿ ಅಂದಾತ

ನನ್ನ ಗಂಡ ಭಾಳ ಛಲೋ ಮನಷಾ ಇದ್ದ ಅಂತ ಜಹೀರಾಬಾದಿನಾಗ ಯಾರಿಗಿ ಕೇಳಿದ್ರೂ ಹೇಳ್ತಾರ. ಲಿಂಗವಂತರು ಹೇಳ್ತಾರ, ಸಾಬರು ಹೇಳ್ತಾರ, ಸಂತಿಗಿ ಕಂಬಳಿ ತರೋ ಕುರುಬರೂ ಹೇಳ್ತಾರ. ಎಂದೂ ದನಿ ಏರಿಸಿದಾತ ಅಲ್ಲ, ಯಾರ ಮನಸೂ ನೋಯಿಸಿದಾತ ಅಲ್ಲ. ನಾಲಿಗಿ ಛಲೋ ಇದ್ರ ನಾಡೆಲ್ಲ ಛಲೋ ಅಂತಾರಲ್ಲ, ಆತನ ಪಾಲಿಗಿ ನಾಡೆಲ್ಲ ಛಲೋನೇ ಇತ್ತು. ಹೆಂಗಸರು ನನ್ನ ಮುಂದ ಕುಂತು, ನಿಮ್ಮ ಪುಣ್ಯಾರಿ ಅವ್ವಾ, ಅಂಥಾ ಗಂಡ ಸಿಕ್ಕಿದ್ದ ಅಂದಾಗೆಲ್ಲ ನನಗ ಅಂಗಾಲಿನಿಂದ ನೆತ್ತಿತನಾ ಉರಿ ಏರ್ತದ. ಏನ್ ಹೇಳಬೇಕು ಅವರಿಗಿ? ಹೌದ್ರಿ ಅಂದು ಚಾ ಕೊಟ್ಟು ಕಳಸ್ತೀನಿ.

ಗಂಡಗ 'ಅವರು' ಅನಬೇಕಂತ. ಆತ ಇರೋತನಾ ಅಂದೀನಿ. ಈಗ ಬಾಯಿಗಿ ಬ್ಯಾಸರ ಆಗ್ಯದ, ಇಲ್ಲಿ ಆತ ಅಂತನ ಬರೀತೀನಿ. ಒಂದ್ ಮಾತು ಮೊದಲ ಹೇಳಿಬಿಡ್ತೀನಿ. ಆತ ಕುಡೀತಿದ್ದಿಲ್ಲ, ಬಡೀತಿದ್ದಿಲ್ಲ, ಇನ್ನೊಬ್ಬಾಕಿ ಕಡಿ ಕಣ್ಣೆತ್ತಿ ನೋಡಲಿಲ್ಲ. ಬಾಯಾಗ ಬೆಲ್ಲ, ಎದಿಯಾಗ ಕತ್ತರಿ ಅಂತ ಮಂದಿ ಅಂತಾರ. ಆತನ ಎದಿಯಾಗ ಕತ್ತರಿ ಇದ್ದಿದ್ರ ನಾ ಒಂದಿಲ್ಲ ಒಂದಿನ ಕಾಣ್ತಿದ್ದೆ, ಕಂಡು ದೂರ ಸರೀತಿದ್ದೆ. ಆತನ ಎದಿಯಾಗೂ ಬೆಲ್ಲನೇ ಇತ್ತು. ಆ ಬೆಲ್ಲಕ್ಕ ನನ್ನ ಮಗಳನ್ನ ಕಳಕೊಂಡೆ.

ಆಗ ನಮ್ಮ ಕಡಿ ಎಲ್ಲ ಮೊಗಲಾಯಿ, ನಿಜಾಮರ ರಾಜ್ಯ. ಕಚೇರ್ಯಾಗ ಉರ್ದು, ಬಜಾರದಾಗ ಅರ್ಧಾ ತೆಲುಗು, ಒಲಿ ಮುಂದ ನಮ್ಮ ಕನ್ನಡ. ನಮ್ಮ ಅಪ್ಪ ತಾಂಡೂರಿನಾಗ ತೊಗರಿ ದಲಾಲ. ನನ್ನ ನಾರಾಯಣಖೇಡಕ್ಕ ಕೊಟ್ಟಿದ್ದ, ಬ್ಯಾಳಿಕಾಳಿನ ವ್ಯಾಪಾರ ಮಾಡೋ ಮನಿತನ. ಆ ಮೊದಲಿನ ಗಂಡನ ಮಾರಿ ಈಗ ನನಗ ನೆಟ್ಟಗ ನೆನಪಾಗಂಗಿಲ್ಲ. ಮಗಳು ಹುಟ್ಟಿ ಅಂಬೆಗಾಲು ಇಡೂದರಾಗ ಊರಿಗಿ ವಾಂತಿ ಬ್ಯಾನಿ ಬಂತು, ಅಂವ ಹೋದ. ಅಪ್ಪ ಬಂಡಿ ಕಟಗೊಂಡು ಬಂದು ನನ್ನ, ಕೂಸಿನ್ನ ತಾಂಡೂರಿಗಿ ಕರಕೊಂಡು ಹೋದ. ಭಾವ, ಅಂದ್ರ ಸತ್ತ ಗಂಡನ ಅಣ್ಣ, ತಡೀಲಿಲ್ಲ. ಸಣ್ಣ ಕೂಸು, ತಾಯಿ ಹತ್ತರ ಇರಲಿ ಅಂದ.

ನಮ್ಮಾಗ ಗಂಡ ಸತ್ತಾಕಿಗಿ ಉಡಕಿ ಅಂತ ಒಂದು ದಾರಿ ಅದ. ಎರಡನೇ ಲಗ್ನನೇ ಅದು, ಆದ್ರ ಲಗ್ನ ಅನ್ನಂಗಿಲ್ಲ. ಹಂದರ ಇಲ್ಲ, ವಾಲಗ ಇಲ್ಲ, ಮುತ್ತೈದೇರು ಬರಂಗಿಲ್ಲ. ಕತ್ತಲಾದ ಮ್ಯಾಲ, ಉಡಕಿ ಆದ ಒಂದಿಷ್ಟು ಹೆಂಗಸರ ಮುಂದ, ಗಂಡು ಸೀರಿ ಕೊಟ್ಟು ತಾಳಿ ಕಟ್ಟತಾನ, ಮುಗೀತು. ಅದು ಹ್ಯಾಂಗರ ಇರಲಿ. ಅದರ ಬೆನ್ನಿಗಿ ಇನ್ನೊಂದು ಕಟ್ಟಳಿ ಅದ. ಉಡಕಿ ಆದಾಕಿ ಮೊದಲಿನ ಗಂಡನ ಮನಿ ಹೊಸ್ತಿಲಾ ತುಳಿಯಂಗಿಲ್ಲ, ಆ ಗಂಡಗ ಹುಟ್ಟಿದ ಕೂಸು ಆ ಮನಿದು. ತಾಯಿ ಸುಮ್ಮ ತೌರಾಗ ಕುಂತಿದ್ರ ಕೂಸಿನ್ನ ಯಾರೂ ಕರಿಯಂಗಿಲ್ಲ. ತಾಯಿ ಹೊಸಾ ಸೀರಿ ಉಟ್ಟಳು ಅಂದ್ರ ಕೂಸಿನ್ನ ಒಯ್ಯಾಕ ಬಂಡಿ ಬರ್ತದ. ಒಮ್ಮೊಮ್ಮೆ ಆ ಮನಿಯವರು ಮನಸು ಮಾಡಿ ಕೂಸು ಬಿಟ್ಟುಕೊಟ್ಟದ್ದೂ ಉಂಟು. ಆದ್ರ ಅದನ್ನ ಮೊದಲ ಕೇಳಬೇಕು, ಹಿರೇರ ಮುಂದ ಮಾತು ಮುಗಿಸಿಕೋಬೇಕು.

ನಾ ಆಗಿನ್ನೂ ಹರೇದಾಕಿ. ಅವ್ವ ದಿನಾ ಕಣ್ಣೀರ ಹಾಕತಿದ್ಳು, ಹೀಂಗ ಎಷ್ಟ ದಿನ ಕೂಡ್ತೀ ಅಂತ. ನನಗೂ ಕುಂತು ಕುಂತು ಸಾಕಾಗಿತ್ತು. ಗಂಡನೂ ಬೇಕಾಗಿತ್ತು, ಮಗಳೂ ಬೇಕಾಗಿತ್ತು. ಅದರಾಗ ತಪ್ಪೇನದ? ಹೆಣ್ಣಾದಾಕಿ ಎರಡು ಬೇಡಬಾರದು ಅಂತ ಯಾವ ದೇವರು ಹೇಳ್ಯಾನ?

ಮೊದಲ ಬಂದಾತ ಕೊಡಂಗಲ್ ಕಡಿಯಾತ. ತಾಂಡೂರ ಹೊರಗ ಹಾಸಗಲ್ಲಿನ ಖಣಿ ಹಿಡಿದಿದ್ದ, ಹೆಂಡ್ತಿ ತೀರಿಕೊಂಡಿದ್ಳು. ಕಣ್ಣ ರೆಪ್ಪಿ ಮ್ಯಾಲ ಸೈತ ಕಲ್ಲಿನ ಧೂಳು. ನಗೂದಂತೂ ದೂರ, ಮಾತಾಡಿದ್ರ ಜಗಳಕ್ಕ ಬಂದಂಗ ಅನಸ್ತಿತ್ತು. ನನ್ನ ಸಂತ್ಯಾಗ ನೋಡಿ, ಯಾರ ಮಗಳು ಅಂತ ಕೇಳಿ ತಿಳಕೊಂಡಿದ್ನಂತ. ಪಡಸಾಲ್ಯಾಗ ಅಪ್ಪನ ಎದುರಿಗಿ ಕುಂತ. ನಾ ಒಳಗ ಬಾಗಲ ಮರಿಗಿ ನಿಂತಿದ್ದೆ. ಅವ್ವ ಚಾ ತಂದಿಟ್ಟಳು, ಮುಟ್ಟಲಿಲ್ಲ. ಕೂಸಿನ ಮಾತು ಮೊದಲ ಆಗಲಿ ಅಂದ.

ನಮ್ಮ ಮನಿಗಿ ಬರೂದಕ್ಕಿಂತ ಮೊದಲ ಅಂವ ನಾರಾಯಣಖೇಡಕ್ಕ ಹೋಗಿ ಬಂದಿದ್ದ. ಯಾರೂ ಕಳಿಸಿದ್ದಿಲ್ಲ, ಅವನೇ ಹೋಗಿ ನಮ್ಮ ಭಾವನ ಕಟ್ಟಿ ಮುಂದ ನಿಂತು ಕೂಸು ಬೇಡಿದ್ದ. ಕೊಡಂಗಿಲ್ಲ ಅಂದ್ರಂತ. ಮತ್ತ ಇಬ್ಬರು ಹಿರೇರನ್ನ ಕರಕೊಂಡು ಹೋದ, ಅವರಿಗೂ ಅದೇ ಜವಾಬು, ಮ್ಯಾಲ ಒಂದಿಷ್ಟು ಬೈಗುಳ. ಇಷ್ಟೂ ಅಪ್ಪಗ ಹೇಳಿ ಮುಗಿಸಿ, ನಾ ನಿಂತ ಬಾಗಲ ಕಡಿ ತಿರುಗಿ ನನಗೇ ಅಂದ:

"ನೋಡ್ರಿ, ನನಗ ನೀವು ಬೇಕಾಗೀರಿ. ಆದ್ರ ಕೂಸು ಬರಂಗಿಲ್ಲ. ಕೂಸು ಬಿಟ್ಟು ಇರಾಕ ಆಗಂಗಿಲ್ಲ ಅಂದ್ರ ನನ್ನ ಮಾಡಿಕೋಬ್ಯಾಡ್ರಿ. ಯಾರನ್ನೂ ಮಾಡಿಕೋಬ್ಯಾಡ್ರಿ."

ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗಿ ಒದ್ದರಂತ. ನಾನೂ ಒದ್ದೆ. ಸೆರಗು ಹೊತಗೊಂಡು ಪಡಸಾಲಿಗೇ ಬಂದೆ. ನನ್ನ ಕೂಸು ನಿಮಗ ಭಾರ ಆತೇನು, ದಿನಾ ಕಲ್ಲು ಒಡಿಯಾವರಿಗಿ ಕೂಸಿನ ಬೆಲಿ ಏನ್ ಗೊತ್ತು ಅಂತ ಬಾಯಿಗಿ ಬಂದಂಗ ಅಂದೆ. ಅಂವ ಎದ್ದ, ರುಮಾಲು ಸುತ್ತಿಗೊಂಡ, ಅಪ್ಪಗ ಕೈ ಮುಗಿದ, ಹೋದ. ಅಂವ ಮನಷಾ ಅಲ್ಲ ಕಲ್ಲು ಅಂತ ಓಣಿ ತುಂಬ ನಾನೇ ಹೇಳಿಕೋತ ಅಡ್ಡಾಡಿದೆ.

ಆಮ್ಯಾಲ ಬಂದಾತ ಈತ, ಜಹೀರಾಬಾದಿನ ಬಟ್ಟಿ ಅಂಗಡಿಯಾತ. ವಿಕಾರಾಬಾದಿನಾಗ ರೈಲು ಬದಲಿಸಿ ತಾಂಡೂರಿಗಿ ಬಂದಿದ್ದ. ಬೆಳ್ಳಗ ಒಗೆದ ಧೋತರ, ಕರಿ ಟೊಪಿಗಿ, ಕಿವಿಯಾಗ ಅತ್ತರ ಹಚ್ಚಿದ ಹತ್ತಿ ಅಳ್ಳಿ. ಅಪ್ಪಗ ಶರಣು ಅನ್ನೂಕಿಂತ ಮೊದಲ ಬಾಗಲಾಗ ಆಡೂ ನನ್ನ ಮಗಳ ಮುಂದ ಕುಕ್ಕುರಗಾಲಿಲೆ ಕುಂತು ಹೆಸರೇನವ್ವಾ ಅಂತ ಕೇಳಿದ. ಚೀಲದಾಗಿಂದ ಕೆಂಪು ಪರಕಾರ ತಗದು ಆಕಿ ನಡಕ್ಕ ಹಿಡಿದು ಅಳತಿ ನೋಡಿದ. ತೊಡಿ ಮ್ಯಾಲ ಕುಂದರಿಸಿಕೊಂಡು ಪೇಢೆ ಮುರದು ಮುರದು ತಿನಿಸಿದ. ಅವ್ವನ ಶೇಂಗಾ ಹಿಂಡಿ ಹೊಗಳಿದ, ಅಪ್ಪನ ದಲಾಲಿ ಹೊಗಳಿದ, ನಮ್ಮ ಮುದಿ ಎಮ್ಮಿ ಸೈತ ಹೊಗಳಿದ. ಆತ ಎದ್ದು ಹೋದ ಮ್ಯಾಲ ಮನಿಯಾಗ ಹಬ್ಬ ಮುಗಿದಂಗ ಬಣಬಣ ಅಂತು.

ಸರಕು ತರೂ ನೆವದಾಗ ಮತ್ತ ಮತ್ತ ಬಂದ. ನನ್ನ ಕೂಡ ಬಾಗಲಾಗ ನಿಂತು ಮಾತಾಡ್ತಿದ್ದ. ನನಗ ಚಾದಾಗ ಸಕ್ಕರಿ ಕಡಿಮಿ ಬೇಕು ಅಂತ ಒಮ್ಮೆ ಅಂದಿದ್ದೆ, ಮುಂದಿನ ಸಲ ಬಂದಾಗ ಆತನೇ ಅವ್ವಗ ನೆನಪ ಮಾಡಿದ. ಮೊದಲಿನ ಮನಿಯಾಗ ನಾ ಉಂಡೇನೋ ಇಲ್ಲೋ ಅಂತ ಕೇಳಿದಾವರಿಲ್ಲ. ಈತ ನಾ ಯಾಕ ಸಪ್ಪಗ ಅದೀನಿ ಅಂತ ಕೇಳ್ತಿದ್ದ. ಪ್ರೀತಿ ಅನ್ನೋ ಮಾತು ನಮ್ಮ ಮನಿಯಾಗ ಯಾರೂ ಬಾಯಿಬಿಟ್ಟು ಅಂತಿದ್ದಿಲ್ಲ, ಆದ್ರ ಅದು ನನಗ ಆತು. ಯಾಕ ಮುಚ್ಚಿಡಲಿ? ವಾಡಿ ಕಡಿಂದ ಬರೋ ಗಾಡಿಯೋ, ಹೈದರಾಬಾದ ಕಡಿಂದ ಬರೋದೋ ಅಂತ ಸೀಟಿ ಕೇಳಿ ಗುರುತ ಹಿಡೀತಿದ್ದೆ. ಹೈದರಾಬಾದ ಕಡಿದು ಅಂದ್ರ, ಆತ ಬರೋದು ಅದರಾಗೇ, ಓಡಿ ಹೋಗಿ ಹೆರಳು ಹಾಕೋತಿದ್ದೆ.

ಕೂಸಿನ ಮಾತು ನಾನೇ ಕೇಳಿದೆ. ಕೂಸಿಂದೇನು ಚಿಂತಿ, ಅದು ನಮ್ಮ ಕೂಸೇ ಅಲ್ಲೇನು ಅಂತ ಆತ ಆಕಿ ತಲಿ ಸವರಿದ. ಹಿರೇರನ್ನ ಕರಕೊಂಡು ನಾರಾಯಣಖೇಡಕ್ಕ ಹೋಗಿ ಮಾತು ಮುಗಿಸೂಣೇನು ಅಂತ ಅಪ್ಪ ಕೇಳಿದ. ನೀವ್ಯಾಕ ಈ ವಯಸಿನಾಗ ತ್ರಾಸ ತಗೋತೀರಿ, ನಾನೇ ಹೋಗಿ ಬರ್ತೀನಿ ಅಂದ. ಖರೇನೇ ಹೋಗಿ ಬಂದ. ಬಂದು ಎಲ್ಲ ಸುರಳೀತ ಆತು ಅಂದ. ಅವರು ಏನಂದ್ರು, ಯಾರ ಮುಂದ ಅಂದ್ರು ಅಂತ ಅಪ್ಪ ಕೇಳಬೇಕಿತ್ತು. ಬ್ಯಾಳಿಕಾಳಿನ ವ್ಯಾಪಾರದಾಗ ಚೀಲಕ್ಕ ಕೈ ಹಾಕಿ ನೋಡದ ಒಂದ್ ಮಾತು ನಂಬದಾತ ನಮ್ಮ ಅಪ್ಪ. ಆದ್ರ ಇಂಥಾ ಮರ್ಯಾದಿವಂತಗ ಸಾಕ್ಷಿ ಕೇಳೂದು ಹ್ಯಾಂಗ ಅಂತ ಸುಮ್ಮಾದ. ಕಲ್ಲಿನ ಖಣಿಯಾತ ಆಗಿದ್ರ ಕೇಳ್ತಿದ್ದ.

ಉಡಕಿ ಆತು. ಮರುದಿನ ಮುಂಜಾನಿ ನಾ ಮಗಳ ಅರಿವಿ ಗಂಟು ಕಟ್ಟಲಿಕ್ಕ ಹತ್ತಿದ್ದೆ, ಆಕಿ ರೈಲು ಹತ್ತತೀನಿ ಅಂತ ಅಂಗಳ ತುಂಬ ಕುಣೀತಿದ್ಳು. ಬಾಗಲಾಗ ಬಂಡಿ ಬಂದು ನಿಂತಿತು. ಇಳಿದಾತ ನಮ್ಮ ಭಾವ. ನಾ ಮೊದಲಿನ ಮನಿಯವರು ಹರಸಾಕ ಬಂದಾರ ಅಂತ ತಿಳಕೊಂಡು ಚಾಕ್ಕ ನೀರು ಇಟ್ಟೆ ನೋಡ್ರಿ, ಅಂಥಾ ಹುಚ್ಚಿ ನಾನು. ಭಾವ ಕಟ್ಟಿ ಮ್ಯಾಲ ಸೈತ ಕುಂದರಲಿಲ್ಲ. ಬಿಸಲೇರೂದರಾಗ ಹೊಂಡಬೇಕು, ಕೂಸಿನ್ನ ತಯಾರ ಮಾಡ್ರಿ ಅಂತ ಅವ್ವಗ ಹೇಳಿದ. ಕೂಸು ನಮ್ಮ ಜೋಡಿ ಜಹೀರಾಬಾದಿಗಿ ಬರ್ತದಲ್ಲ ಅಂತ ನಾ ಒಳಗಿಂದ ಅಂದೆ. ಭಾವ ನನ್ನ ಕಡಿ ನೋಡಲಿಲ್ಲ, ಈತನ್ನ ನೋಡಿದ.

"ಇದೇನ್ರಿ? ನಮ್ಮ ಮನಿಯಾಗ ಕುಂತು ಒಯ್ಯಿರಿ, ಆಗಲಿ ಅಂದೀರಲ್ಲ ನೀವು."

ಆಗ ತಿಳೀತು ನನಗ. ಈತ ನಮ್ಮ ಮನಿಯಾಗ ಆಗಲಿ ಅಂದಿದ್ದ. ನಾರಾಯಣಖೇಡದಾಗ ಅವರು ಕೂಸು ನಮ್ಮದು, ನಾವು ಒಯ್ತೀವಿ ಅಂದಾಗ ಅಲ್ಲೂ ಆಗಲಿ ಅಂದು, ಹೋಳಿಗಿ ಉಂಡು ಬಂದಿದ್ದ. ನಾ ಆತನ ಮಾರಿ ನೋಡಿದೆ. ಕಣ್ಣಾಗ ನೀರು ತುಂಬಿದ್ವು. ಸೋಗಲ್ಲ, ಖರೇ ಕಣ್ಣೀರು. ಅಳಕೋತನೇ ಮಗಳಿಗಿ ಆ ಕೆಂಪು ಪರಕಾರ ತೊಡಿಸಿದ, ತನ್ನ ಧೋತರದ ಚುಂಗಿಲೆ ಆಕಿ ಮೂಗು ಒರಿಸಿದ, ಬಂಡ್ಯಾಗ ಕುಲುಕಬಾರದು ಅಂತ ಕೌದಿ ನಾಕ ಮಡಿಕಿ ಮಾಡಿ ಹಾಸಿದ, ಎತ್ತಿ ಕುಂದರಿಸಿ ಕೈಯಾಗ ಪೇಢೆ ಕೊಟ್ಟ. ಬಂಡಿ ನಡಿಯೂತನಾ ಮಗಳು ಅಳಲಿಲ್ಲ. ಆಮ್ಯಾಲ ಅತ್ತಳು. ನಾ ಹಿಂದ ಓಡಿದೆ, ಅಗಸಿತನಾ ಓಡಿದೆ, ಅವ್ವ ಬಂದು ಹಿಡಕೊಂಡಳು. ಹಿರೇರ ಹತ್ತರ ಹೋದ್ರೂ ಕಟ್ಟಳಿ ಅವರ ಕಡಿನೇ ಇತ್ತು. ನಾ ಆಗಲೇ ಹೊಸಾ ಸೀರಿ ಉಟ್ಟಾಗಿತ್ತು.

ಯಾಕ ಹೇಳಲಿಲ್ಲ ನನಗ ಅಂತ ಆತನ್ನ ಕೇಳಿದೆ. ಆತ ನನ್ನ ಕೈ ಹಿಡಕೊಂಡ.

"ನಿನ್ನ ಮನಸು ನೋಯಿಸಾಕ ನನಗ ಆಗಲಿಲ್ಲ" ಅಂದ.

ಹೇಳಿದ್ರ ನಾ ಆತನ್ನ ಮಾಡಿಕೋತಿದ್ದಿಲ್ಲ. ಅಪ್ಪನ ಮನಿಯಾಗ ರೊಟ್ಟಿ ಬಡದು ಮಗಳನ್ನ ಬೆಳಸ್ತಿದ್ದೆ. ಇದು ಆತಗ ಗೊತ್ತಿತ್ತು, ಇದೊಂದನ್ನ ಆತ ಬಾಯಿಬಿಟ್ಟು ಎಂದೂ ಅನಲಿಲ್ಲ. ನಾ ಅಂದ್ರ ಆತಗ ಆಸಿ ಇತ್ತು, ಅದು ಸುಳ್ಳಲ್ಲ. ಆ ಆಸಿಗಿ ನನ್ನ ಮಗಳನ್ನ ಕೊಟ್ಟ, ಕೊಟ್ಟು ತಾನೇ ಅತ್ತ.

ಜಹೀರಾಬಾದಿನಾಗ ಬಾಳೇವು ಶುರು ಆತು. ಮೈಯಾಗ ಆರಾಮ ಇಲ್ಲಂದ್ರ ಆತ ಕಾಲು ಒತ್ತತಿದ್ದ, ಗಿರಾಕಿ ಬಿಟ್ಟು ಬಂದು ಗಂಜಿ ಕಾಸ್ತಿದ್ದ. ಬಟ್ಟಿ ಮಾರಾಕ ನಾರಾಯಣಖೇಡ ಸಂತಿಗಿ ಹೋಗ್ತಿದ್ದ, ನಾ ಆ ಮನಿಗಿ ಹೋಗಾಕ ಬರಂಗಿಲ್ಲ, ಹಂಗಾಗಿ ಮಗಳ ಸುದ್ದಿ ತರಾಕ ಆತನೇ ನನಗ ದಿಕ್ಕು. ಪಂಚಮಿಗಿ ಎಲ್ಲಾ ಹೆಣ್ಣಮಕ್ಕಳು ತೌರಿಗಿ ಬರ್ತಾರ, ನನ್ನ ಮಗಳನ್ನೂ ನನ್ನ ಹತ್ತರ ಒಂದೆರಡು ದಿನ ಕಳಸ್ರಿ ಅಂತ ಕೇಳ್ರಿ ಅಂದೆ. ಆಗಲಿ ಅಂದ. ಬಂದು ಕೇಳೀನಿ, ನೋಡೂಣ ಅಂದಾರ ಅಂದ. ನಾ ತಂಬಿಟ್ಟು ಕಟ್ಟಿದೆ, ಹಿತ್ತಲದ ಬೇವಿನ ಗಿಡಕ್ಕ ಜೋಕಾಲಿ ಹಾಕಿದೆ. ಮಗಳು ಬರಲಿಲ್ಲ. ಮುಂದಿನ ವರ್ಷ ಅಂದಾರ ಅಂದ. ಮುಂದಿನ ವರ್ಷನೂ ಹಂಗೇ ಅಂದ. ಭಾಳ ಛಲೋ ಮಂದಿ ಅವರು, ಬಿಡಂಗೇ ಇಲ್ಲ, ಉಂಡೇ ಹೋಗ್ರಿ ಅಂತಾರ ಅಂತ ಒಮ್ಮೆ ಬಂದು ಹೇಳಿದ. ನಾ ಮುಂದಿದ್ದ ಗಂಗಾಳ ತಗದು ಗ್ವಾಡಿಗಿ ಒಗದೆ. ಆತ ಕುಂತು ಅನ್ನದ ಅಗಳು ಆರಿಸಿದ. ಗ್ವಾಡಿ ಆಚೆ ಮಂದಿಗಿ ನನ್ನ ಬಾಯಿ ಅಷ್ಟೇ ಕೇಳ್ತಿತ್ತು. ಪಾಪ, ಎಂಥಾ ದೇವರಂಥಾ ಮನಷಾಗ ಎಂಥಾಕಿ ಗಂಟುಬಿದ್ದಾಳ ಅಂತ ಓಣ್ಯಾಗ ಆಡಿಕೋತಿದ್ರು.

ನಡು ಒಮ್ಮೆ ತಾಂಡೂರಿಗಿ ಹೋದಾಗ ಖಣಿಯಾತ ಆಮ್ಯಾಲ ಮಾಡಿಕೊಂಡಾಕಿ ನಮ್ಮ ಅವ್ವನ ಹತ್ತರ ಕುಂತಿದ್ಳು. ನಾ ಯಾರು ಅಂತ ಆಕಿಗಿ ಗೊತ್ತಿಲ್ಲ. ಗಂಡನ ಮ್ಯಾಲ ದೂರು ಹೇಳ್ತಿದ್ಳು. ಕೂಡಿದ ದಿನಾನೇ, ನನ್ನ ಮನಸು ಇನ್ನೊಬ್ಬಾಕಿ ಮ್ಯಾಲ ಇತ್ತು, ಆಕಿ ಒಲ್ಲೆ ಅಂದಳು, ಇದು ನಿನಗ ಗೊತ್ತಿರಲಿ ಅಂದ್ನಂತ. ಹೊಸಾ ಹೆಂಡ್ತಿಗಿ ಹೇಳೂ ಮಾತೇನ್ರಿ ಅದು ಅಂತ ಕಣ್ಣು ಒರಿಸಿಕೊಂಡಳು. ಖರೇ ಅದ, ಕೇಳಿದ್ರ ಯಾರಿಗರ ಹೊಟ್ಟಿ ಉರೀತದ. ಮತ್ತ ಆಕಿನೇ ಅಂದಳು, ಹಂಗಾರೂ ಇಂದಿನತನಾ ನನಗ ಇವರ ಮಾತಿನ ಹಿಂದ ಏನದ ಅಂತ ಹುಡುಕೂ ಪ್ರಸಂಗ ಬಂದಿಲ್ಲ ಅಂತ. ನಾ ಎದ್ದು ನೀರ ತರಾಕ ಹೋದೆ.

ಮಗಳ ಲಗ್ನ ಆತು. ಉಡಕಿಯಾಕಿಗಿ ಕರಿ ಬರಂಗಿಲ್ಲ, ಬರಲಿಲ್ಲ. ಈತಗ ಬಂತು, ಹೋಗಿ ಅಕ್ಕಿಕಾಳು ಹಾಕಿ ಬಂದ. ಆಕಿ ಗಂಡನ ಊರು ವಿಕಾರಾಬಾದಿನ ಆಚೆ ಕಡಿ, ಹಂಗಾಗಿ ಮಗಳನ್ನ ಕಳಸೂ ಬಂಡಿಗೋಳು ಜಹೀರಾಬಾದ ಟೇಶನ್ನಿಗೇ ಬರ್ತಾವು ಅಂತ ಆತನೇ ಸುದ್ದಿ ತಂದ, ನೀ ಬಾ, ನೋಡುವಂತಿ ಅಂದ. ಟೇಶನ್ನು ಯಾರ ಮನಿ ಹೊಸ್ತಿಲಾನೂ ಅಲ್ಲ. ಹೋದೆ. ಹಸರ ಸೀರಿ ಉಟ್ಟು ನೀರಿನ ನಳದ ಹತ್ತರ ನಿಂತಾಕಿ ನನ್ನ ಮಗಳು ಅಂತ ಆತ ತೋರಿಸಬೇಕಾತು.

ಆಕಿ ಈತನ್ನ ನೋಡಿ ಕಾಕಾ ಅಂತ ಓಡಿ ಬಂದಳು. ಆತ ವರ್ಷಾ ವರ್ಷಾ ಒಯ್ದು ಕೊಟ್ಟ ಪರಕಾರದ ಮಾತು, ಪೇಢೆ ಮಾತು ಗಂಡಗ ಹೇಳಿ ನಕ್ಕಳು. ನಿಮ್ಮವ್ವ ನೋಡು ಅಂತ ಆತ ಆಕಿಗಿ ಹೇಳಿದ, ನಾ ಹತ್ತರ ಹೋಗಿ ಆಕಿ ಕೈ ಹಿಡದೆ. ಕೈ ಬಿಡಿಸಿಕೊಳ್ಳಲಿಲ್ಲ, ಹಿಡಕೊಳ್ಳಲೂ ಇಲ್ಲ. ನನ್ನ ಮಾರಿ ನೋಡಿ ಕೇಳಿದಳು.

"ನೀ ಈ ಪಂಚಮಿಗಿ ಬರ್ತೀನಿ ಅಂತ ವರ್ಷಾ ವರ್ಷಾ ಕಾಕಾನ ಕೂಡ ಹೇಳಿ ಕಳಸ್ತಿದ್ದಿ, ಯಾಕ ಬರಲಿಲ್ಲ? ಬರಂಗಿಲ್ಲ ಅಂತ ಹೇಳಿದ್ರ ನಾ ಕಟ್ಟಿ ಮ್ಯಾಲ ಕೂಡ್ತಿದ್ದಿಲ್ಲ."

ನಾ ಹೇಳಿ ಕಳಿಸಿಲ್ಲ ಅಂದೆ. ನಿನ್ನನ್ನೇ ಕಳಸ್ರಿ ಅಂತ ವರ್ಷಾ ವರ್ಷಾ ಕೇಳಸ್ತಿದ್ದೆ ಅಂದೆ. ನನ್ನ ಕಳಸ್ರಿ ಅಂತ ನಮ್ಮ ಮನಿಗಿ ಯಾರೂ ಬಂದು ಕೇಳಿಲ್ಲ, ಕೇಳಿದ್ರ ದೊಡ್ಡಪ್ಪ ಕಳಿಸಿದ್ರೂ ಕಳಸ್ತಿದ್ದ ಅಂದಳು. ನಿಮ್ಮ ಕಾಕಾನೇ ಕೇಳ್ತಿದ್ರು ಅಂತ ನಾ ಅನ್ನೂದರಾಗ ಆಕಿ ಮಾರಿ ಗಂಟಾತು. ಕಾಕಾ ಸುಳ್ಳು ಹೇಳ್ತಾರೇನು ಅಂದಳು.

ನಾ ಆತನ ಕಡಿ ತಿರುಗಿದೆ. ಆಕಿನೂ ತಿರುಗಿದಳು. ಒಂದ್ ಮಾತು ಸಾಕಿತ್ತು ನನಗ. ನಾ ಕೇಳಲಿಲ್ಲವ್ವಾ, ನಿಮ್ಮವ್ವಗೂ ಸುಳ್ಳು ಹೇಳಿದೆ, ನಿನಗೂ ಹೇಳಿದೆ ಅಂತ ಆತ ಅಂದಿದ್ರ ನಾ ಅಂದಿನತನದ್ದು ಎಲ್ಲ ಮನ್ನಾ ಮಾಡ್ತಿದ್ದೆ, ದೇವರಾಣಿ ಮಾಡ್ತಿದ್ದೆ. ಆತ ನನ್ನ ನೋಡಿದ, ಆಕಿನ್ನ ನೋಡಿದ, ಆಕಿ ಗಂಡನ್ನ ನೋಡಿದ. ಕಣ್ಣಾಗ ಮತ್ತ ನೀರು.

"ಹೋಗಲಿ ಬಿಡವ್ವಾ, ಆದದ್ದು ಆತು" ಅಂದ. "ಲಗ್ನದ ಮಗಳು ಕಣ್ಣೀರ ಹಾಕಬಾರದು. ನಿಮ್ಮವ್ವನ ಮ್ಯಾಲ ಸಿಟ್ಟ ಇಟಗೋಬ್ಯಾಡ."

ಎಷ್ಟು ಛಲೋ ಮಾತು. ಆಕಿ ಅತ್ತಳು, ಅತ್ತು ಆತನ ಕಾಲಿಗಿ ಬಿದ್ದಳು. ಗಾಡಿ ಬಂತು. ಗಂಡನ ಕಡಿಯವರು ಗಂಟುಮೂಟಿ ಏರಿಸಿದ್ರು, ಆತನೂ ಕೈ ಹಚ್ಚಿದ. ನಾ ಕೈ ನೀಡಿದೆ, ಆಕಿ ತಿರುಗಿ ನೋಡದೇ ಡಬ್ಬಿ ಹತ್ತಿದಳು.